ಷಡ್ಡಕನ ಆಟೊಮ್ಯಾಟಿಕ್ ಗಾಡಿ

ನೆಂಟರ ಮನೆಗೆ ಹೊಸ ಗಾಡಿ ಬಂದರೆ ಪೇಢೆ ತಿಂದು ಸಂತೋಷಪಡಬೇಕು. ಗುರಲಿಂಗಪ್ಪನೂ ಪೇಢೆ ತಿಂದ. ಆದರೆ ಅದು ಗಂಟಲಿನಿಂದ ಕೆಳಗೆ ಇಳಿಯಲೇ ಇಲ್ಲ.

ಗಾಡಿ ಬಂದದ್ದು ಅವನ ಷಡ್ಡಕ ಈಶ್ವರನಿಗೆ. ಇಬ್ಬರೂ ಅಕ್ಕತಂಗಿಯರನ್ನು ಮದುವೆಯಾದವರು, ವಿಜಯಪುರದ ಕಡೆಯಿಂದ ಮುಂಬೈಗೆ ಬಂದವರು. ಕಸುಬೂ ಒಂದೇ. ಬೆಳಗಾಗುತ್ತಲೇ ವಾಶಿ ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ, ತೆಂಗಿನಕಾಯಿ, ತರಕಾರಿ ತುಂಬಿಕೊಂಡು ಚೆಂಬೂರಿನ ಉಡುಪಿ ಹೋಟೆಲುಗಳಿಗೆ ಹಾಕಬೇಕು. ಇಬ್ಬರೂ ಇರುವುದು ಒಂದೇ ಚಾಳಿನಲ್ಲಿ, ಗಾಡಿ ನಿಲ್ಲಿಸುವುದೂ ಒಂದೇ ಗೋಡೆಯ ಪಕ್ಕ. ಈಗ ಆ ಗೋಡೆಯ ಪಕ್ಕ ಗುರಲಿಂಗಪ್ಪನ ತುಕ್ಕು ಹಿಡಿದ ಟೆಂಪೊ, ಅದಕ್ಕೆ ಅಂಟಿಕೊಂಡಂತೆ ಈಶ್ವರನ ಬಿಳಿ ವ್ಯಾನು. ಅದಕ್ಕೆ ಕ್ಲಚ್ ಪೆಡಲ್ ಇಲ್ಲ, ಗೇರು ತಾನೇ ಬದಲಾಗುತ್ತದೆ.

ಈಶ್ವರನಿಗೆ ಸ್ಟಿಯರಿಂಗ್ ಹಿಡಿಯಲು ಕಲಿಸಿದವನೇ ಗುರಲಿಂಗಪ್ಪ. ಅದೇ ಅವನ ಹೊಟ್ಟೆಯಲ್ಲಿ ಹೆಚ್ಚು ಉರಿಯುತ್ತಿತ್ತು. ತಾನು ಕಲಿಸಿದವನು ಕಾಲು ಚಾಚಿ ಹಾಯಾಗಿ ಗಾಡಿ ಓಡಿಸುತ್ತಾನೆ, ತಾನು ಟ್ರಾಫಿಕ್ಕಿನಲ್ಲಿ ಕ್ಲಚ್ ತುಳಿದು ತುಳಿದು ಎಡಮೊಣಕಾಲು ಊದಿಸಿಕೊಂಡು ಕುಂಟುತ್ತಾನೆ. ಇದು ಯಾವ ನ್ಯಾಯ?

ಹಾಗಾಗಿ ಟೆಂಪೊ ಸ್ಟ್ಯಾಂಡಿನಲ್ಲಿ ಯಾರೇ ಸಿಗಲಿ, ಅವನ ಭಾಷಣ ಶುರು.

“ಆಟೊಮ್ಯಾಟಿಕ್ ಅಂದ್ರ ಸಾಹೇಬರ ಕಾರಿಗೆ ಸರಿ. ಲೋಡ್ ಗಾಡಿಗೆ ಅಲ್ಲ. ಒಂದಿನ ನಡು ರೋಡಿನಾಗ ಕುಂಡರ್ತೈತಿ, ಆವಾಗ ನೋಡ್ರಿ ಮಜಾ.”

ಅದೇ ಸ್ಟ್ಯಾಂಡಿನ ಚಂದ್ರಾಮನೂ ಮೊಣಕಾಲು ನೋವೆಂದು ಆಟೊಮ್ಯಾಟಿಕ್ ಬುಕ್ ಮಾಡಿದ್ದ. ಈ ಮಾತು ಕೇಳಿ ಅವನ ಮನಸ್ಸು ಡೋಲಾಯಮಾನವಾಯಿತು. ಗುರಲಿಂಗಪ್ಪನಿಗೆ ಅಷ್ಟೇ ಸಾಕಿತ್ತು, ಅಂದು ಅವನಿಗೆ ಊಟ ರುಚಿಸಿತು.

ಮನೆಯಲ್ಲಿ ಹೆಂಡತಿ ಲಕ್ಷ್ಮವ್ವ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಮೆಲ್ಲಗೆ ಮಾತು ತೆಗೆದಳು.

“ಡಾಕ್ಟರ್ ಏನ್ ಹೇಳ್ಯಾರ ನೆನಪೈತೇನ್ರಿ? ಕ್ಲಚ್ ತುಳಿಯೂದು ಬಿಡ್ರಿ, ಇಲ್ಲಾಂದ್ರ ಡ್ರೈವಿಂಗೇ ಬಿಡಬೇಕಾಕ್ಕೈತಿ ಅಂದಾರ. ಈಶ್ವರಪ್ಪನಂಗ ನೀವೂ ಆಟೊಮ್ಯಾಟಿಕ್ ತಗೋರಿ.”

“ಈಶ್ವರ ಈಶ್ವರ ಅನಬ್ಯಾಡ! ಅಂವ ತಗೊಂಡ ಅಂತ ನಾ ತಗೋಬೇಕೇನು? ಆ ಗಾಡಿ ಬಾಳಿಕಿ ಬರೂದಿಲ್ಲ.”

“ಬಾಳಿಕಿ ಬರೂದಿಲ್ಲ ಅಂತ ನಿಮಗ ಯಾರ ಹೇಳಿದ್ರು?”

ಯಾರೂ ಹೇಳಿರಲಿಲ್ಲ. ಹೊಟ್ಟೆಕಿಚ್ಚು ಹೇಳಿತ್ತು. ಗುರಲಿಂಗಪ್ಪ ಆ ಕಡೆ ಮುಖ ತಿರುಗಿಸಿ ಮಲಗಿದ.

ಮೊಣಕಾಲಿಗೆ ಇದೆಲ್ಲ ಗೊತ್ತಾಗಬೇಕಲ್ಲ? ಒಂದು ಬೆಳಿಗ್ಗೆ ಅದು ಮಡಚಲೇ ಬಾರದಂತೆ ಊದಿಕೊಂಡಿತು. ಟೆಂಪೊದಲ್ಲಿ ಕುಳಿತು ಕ್ಲಚ್ ಒತ್ತಿದರೆ ಕಣ್ಣಲ್ಲಿ ನೀರು. ಗುರಲಿಂಗಪ್ಪ ಇಂಜಿನ್ ಬಂದ್ ಮಾಡಿದ. ಅವನಿಗೆ ಬೇರೆ ಯಾವ ಕೆಲಸವೂ ಬರುತ್ತಿರಲಿಲ್ಲ. ಈ ಕಾಲು ಹೋದರೆ ಅನ್ನವೂ ಹೋದಂತೆಯೇ.

ಅಷ್ಟರಲ್ಲಿ ಈಶ್ವರ ಬಂದು ಕಿಟಕಿಯ ಬಳಿ ನಿಂತ.

“ಅಣ್ಣಾ, ಇವತ್ತ ನೀವು ನನ್ನ ಗಾಡಿ ತಗೊಂಡ ಹೋಗ್ರಿ. ನಿಮ್ಮ ಟೆಂಪೊ ನಾ ಹೊಡೀತೀನಿ. ಒಂದೈದು ನಿಮಿಷ ಕುಂಡ್ರಿ, ಹೆಂಗ ಹೊಡೀಬೇಕಂತ ತೋರಸ್ತೀನಿ.”

“ಏನು?” ಗುರಲಿಂಗಪ್ಪನಿಗೆ ಮೈ ಉರಿಯಿತು. “ನಿನಗ ಕಲಿಸಿದಾಂವ ನಾನು. ನನಗ ನೀ ತೋರಸ್ತೀಯೇನು? ಕೊಡು ಚಾವಿ.”

ಈಶ್ವರ ಮತ್ತೇನೋ ಹೇಳಲು ಬಾಯಿ ತೆರೆದ. ಕೇಳುವವರು ಯಾರು? ಗುರಲಿಂಗಪ್ಪ ಆಗಲೇ ಗಾಡಿ ಹತ್ತಿ ಬಾಗಿಲು ಎಳೆದುಕೊಂಡಿದ್ದ.

ಗಾಡಿ ಬೆಣ್ಣೆಯಂತೆ ಸಾಗಿತು. ಎಡಗಾಲಿಗೆ ಕೆಲಸವಿಲ್ಲ, ನೋವಿಲ್ಲ. ಹೋಗುವಾಗ ವಾಶಿ ಸೇತುವೆಯ ಮೇಲೆ ಗಾಳಿ ಮುಖಕ್ಕೆ ಬಡಿಯಿತು. ಇಷ್ಟು ದಿನ ಈಶ್ವರ ಹೀಗೆ ಕುಳಿತು ಹೋಗುತ್ತಿದ್ದನಲ್ಲ ಎಂದು ನೆನೆದಾಗ ಗುರಲಿಂಗಪ್ಪನಿಗೆ ಸಂತೋಷವಾಗುವ ಬದಲು ಮತ್ತಷ್ಟು ಹೊಟ್ಟೆ ಉರಿಯಿತು.

ಬರುವಾಗ ಗಾಡಿ ತುಂಬ ಮಾಲು. ಮಾನ್‌ಖುರ್ದ್ ಹತ್ತಿರ ಫ್ಲೈಓವರಿನ ಏರಿನಲ್ಲಿ ಟ್ರಾಫಿಕ್ ಕಟ್ಟಿಕೊಂಡಿತು. ಇಲ್ಲಿ ಗುರಲಿಂಗಪ್ಪನ ಒಂದು ಹೆಚ್ಚುಗಾರಿಕೆಯ ವಿಷಯ ಹೇಳಬೇಕು. ಏರಿನಲ್ಲಿ ನಿಂತಾಗ ಅವನು ಬ್ರೇಕ್ ಮುಟ್ಟುವವನೇ ಅಲ್ಲ. ಅರ್ಧ ಕ್ಲಚ್ ಹಿಡಿದು, ಎಕ್ಸಿಲೇಟರ್ ಹದವಾಗಿ ಕೊಟ್ಟು, ತುಂಬಿದ ಗಾಡಿಯನ್ನು ಹಿಂದೆಯೂ ಹೋಗದಂತೆ ಮುಂದೆಯೂ ಹೋಗದಂತೆ ಅಲ್ಲೇ ನಿಲ್ಲಿಸುತ್ತಿದ್ದ. ಸ್ಟ್ಯಾಂಡಿನಲ್ಲಿ ಇದಕ್ಕಾಗಿಯೇ ಅವನನ್ನು ಉಸ್ತಾದ್ ಎನ್ನುತ್ತಿದ್ದರು. ಬ್ರೇಕ್ ಹಾಕಿ ನಿಲ್ಲುವವರು ಹೊಸಬರು ಎಂದು ಅವನೇ ನಗುತ್ತಿದ್ದ.

ಈ ಗಾಡಿಯಲ್ಲಿ ಕ್ಲಚ್ ಪೆಡಲ್ ಇಲ್ಲವಲ್ಲ? ಬರೀ ಎಕ್ಸಿಲೇಟರ್ ಅರ್ಧ ಒತ್ತಿ ಹಿಡಿದ. ಗಾಡಿ ಏರಿನಲ್ಲಿ ಅಲುಗದೆ ನಿಂತಿತು. ಟ್ರಾಫಿಕ್ ಸ್ವಲ್ಪ ಸರಿಯಿತು, ಮತ್ತೆ ನಿಂತಿತು. ಇವನೂ ಸರಿದ, ಮತ್ತೆ ಹಾಗೇ ಹಿಡಿದ. ಎದುರಿನ ಮೀಟರಿನಲ್ಲಿ ಕೆಂಪು ದೀಪ ಹತ್ತಿ ಬೀಪ್ ಬೀಪ್ ಎಂದಿತು.

“ಬಡ್ಕೋ, ಬಡ್ಕೋ. ಹೊಸ ಗಾಡಿಗೆ ಮಾತ ಜಾಸ್ತಿ,” ಎಂದು ಗುರಲಿಂಗಪ್ಪ ಬೈದ.

ಆಮೇಲೆ ಸುಟ್ಟ ವಾಸನೆ ಬಂತು. ಆಮೇಲೆ ಹೊಗೆ. ಇಂಜಿನ್ ಕಿರುಚಿದರೂ ಗಾಡಿ ಮುಂದೆ ಹೋಗಲಿಲ್ಲ. ಹಿಂದಿನವರು ಹಾರ್ನ್ ಬಾರಿಸತೊಡಗಿದರು. ಹ್ಯಾಂಡ್‌ಬ್ರೇಕ್ ಎಳೆದು ಕೆಳಗಿಳಿದ ಗುರಲಿಂಗಪ್ಪನಿಗೆ ಗಾಬರಿ ಆಗಬೇಕಿತ್ತು. ನಿಜ ಹೇಳಬೇಕೆಂದರೆ, ಮೊದಲು ಆದದ್ದು ಖುಷಿ. ಈಶ್ವರನಿಗೆ ಫೋನ್ ಹಚ್ಚಿದಾಗ ಅವನ ದನಿಯಲ್ಲಿ ಹಬ್ಬವೇ ಇತ್ತು.

“ನಾ ಹೇಳಿದ್ದಿಲ್ಲೇನು? ಕುಂತಿತು ನೋಡು ನಿನ್ನ ಗಾಡಿ!”

ಈಶ್ವರ ಟೆಂಪೊ ತಂದು, ಒಬ್ಬನೇ ಮಾಲೆಲ್ಲ ಅದಕ್ಕೆ ಹೇರಿ, ಹೋಟೆಲಿಗೆ ಮುಟ್ಟಿಸಿದ. ಹೋಟೆಲಿನ ರಮಾನಾಥ ಶೆಟ್ಟರು ಆಗಲೇ ಸಿಡಿಮಿಡಿಗೊಂಡಿದ್ದರು. “ಎಂಥ ಮಾರಾಯ, ಮಧ್ಯಾಹ್ನದ ಸಾಂಬಾರಿಗೆ ನಾನು ಎಂಥ ಹಾಕುವುದು?” ಎಂದು ಬೈಸಿಕೊಂಡವನೂ ಈಶ್ವರನೇ. ಗಾಡಿಯನ್ನು ಯಾರು ಓಡಿಸುತ್ತಿದ್ದರೆಂದು ಅವನು ಹೇಳಲಿಲ್ಲ.

ಸರ್ವಿಸ್ ಸೆಂಟರಿನಲ್ಲಿ ಗಾಡಿ ಬಿಚ್ಚಿ ನೋಡಿದ್ದು ಶ್ರಾವ್ಯಾ ಎಂಬ ಮಂಗಳೂರು ಕಡೆಯ ಹುಡುಗಿ. ಅಲ್ಲಿಯ ಇಂಜಿನಿಯರ್. ಮುಂಬೈಯಲ್ಲೇ ಬೆಳೆದವಳು, ಕನ್ನಡ ತಡೆತಡೆದು ಬರುತ್ತಿತ್ತು.

“ಅಂಕಲ್, ಕ್ಲಚ್ ಪ್ಲೇಟ್ ಪೂರಾ ಜಲ್ ಗಯಾ. ಸುಟ್ಟು ಹೋಗಿದೆ.”

“ಸುಳ್ಳ ಹೇಳಬ್ಯಾಡವ್ವ. ಈ ಗಾಡಿಗೆ ಕ್ಲಚ್ಚೇ ಇಲ್ಲ.”

ಶ್ರಾವ್ಯಾ ನಕ್ಕಳು. “ಪೆಡಲ್ ಮಾತ್ರ ಇಲ್ಲ ಅಂಕಲ್. ಒಳಗೆ ಕ್ಲಚ್ ಉಂಟು. ನಿಮ್ಮ ಕಾಲು ಮಾಡುವ ಕೆಲಸ ಇದರಲ್ಲಿ ಮಷೀನ್ ಮಾಡ್ತದೆ, ಅಷ್ಟೇ. ಏರಿನಲ್ಲಿ ಎಕ್ಸಿಲೇಟರ್ ಮೇಲೆ ನಿಲ್ಲಿಸಿದ್ರಾ?”

ಗುರಲಿಂಗಪ್ಪ ಮೇಲೆ ಫ್ಯಾನ್ ನೋಡಿದ.

“ಹಾಗೆ ಹಿಡಿದ್ರೆ ಕ್ಲಚ್ ಅರ್ಧ ಹಿಡಿದು ಅರ್ಧ ಜಾರ್ತಾ ಇರ್ತದೆ. ಬಿಸಿ ಆಗ್ತದೆ. ಅದಕ್ಕೇ ಬೀಪ್ ಬಂತು, ಕೆಂಪು ಲೈಟ್ ಬಂತು. ಏರಿನಲ್ಲಿ ನಿಂತ್ರೆ ಬ್ರೇಕ್ ಒತ್ತಬೇಕು. ಜಾಸ್ತಿ ಹೊತ್ತು ಅಂದ್ರೆ ನ್ಯೂಟ್ರಲ್ ಮಾಡಿ ಹ್ಯಾಂಡ್‌ಬ್ರೇಕ್. ಲೈಟ್ ಬಂದ್ರೆ ಸೈಡಿಗೆ ನಿಲ್ಲಿಸಿ, ತಣ್ಣಗಾಗಲಿಕ್ಕೆ ಬಿಡಬೇಕು.”

“ಹಂಗಾರ... ಈ ಗಾಡಿ ಬಾಳಿಕಿ ಬರತೈತೇನು?”

“ಸರಿ ಓಡಿಸಿದ್ರೆ ಯಾಕೆ ಬರಲ್ಲ? ಮ್ಯಾನುವಲ್ ಕೂಡ ಕೆಡ್ತದೆ, ಇದೂ ಕೆಡ್ತದೆ. ಟೈಮಿಗೆ ಸರ್ವಿಸ್ ಬೇಕು, ಓವರ್‌ಲೋಡ್ ಬೇಡ. ಮುಂದೆ ಹೋಗ್ತಾ ಇರುವಾಗ ರಿವರ್ಸ್ ಹಾಕಬಾರದು, ಗಾಡಿ ಪೂರ್ತಿ ನಿಲ್ಲಬೇಕು. ಅಷ್ಟೇ ಅಂಕಲ್.”

ಪಕ್ಕದಲ್ಲಿ ಕುಳಿತ ಈಶ್ವರ ತುಟಿ ಬಿಚ್ಚಲಿಲ್ಲ. ‘ನಾ ಹೇಳಾಕ ಬಂದಿದ್ದೆ’ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು. ಅವನು ಅದಕ್ಕೂ ಆಸ್ಪದ ಕೊಡಲಿಲ್ಲ. ಇಷ್ಟು ಒಳ್ಳೆಯವನಾಗಿರುವುದಕ್ಕೂ ಗುರಲಿಂಗಪ್ಪನಿಗೆ ಅವನ ಮೇಲೆ ಹೊಟ್ಟೆಕಿಚ್ಚಾಯಿತು.

ಹೊಸ ಪ್ಲೇಟ್ ಹಾಕಿಸಿದ ಗಾಡಿ ಸ್ಟ್ಯಾಂಡಿಗೆ ಬಂದಾಗ ಎಲ್ಲರೂ ಸುತ್ತುವರಿದರು. ಚಂದ್ರಾಮ ಗುರಲಿಂಗಪ್ಪನ ಬೆನ್ನು ತಟ್ಟಿದ.

“ಉಸ್ತಾದ್, ನಿನ್ನ ಮಾತು ಖರೆ ಆತು ನೋಡು. ನಾ ನನ್ನ ಬುಕಿಂಗ್ ಕ್ಯಾನ್ಸಲ್ ಮಾಡಾಕ ಹೊಂಟೀನಿ. ಪಾಪ, ಈಶ್ವರ ಮೋಸ ಹೋದ.”

ಎಲ್ಲರೂ ನಕ್ಕರು. ಈಶ್ವರ ಬಟ್ಟೆ ಹಿಡಿದು ಗಾಡಿಯ ಗಾಜು ಒರೆಸುತ್ತಲೇ ಇದ್ದ. ಅವನ ಕಿವಿ ಕೆಂಪಗಾಗಿತ್ತು. ಇಷ್ಟು ತಿಂಗಳು ಗುರಲಿಂಗಪ್ಪ ಕಾದದ್ದು ಇದೇ ಗಳಿಗೆಗಾಗಿ. ಸುಮ್ಮನಿದ್ದರೆ ಸಾಕು, ಗೆದ್ದಂತೆಯೇ. ಆದರೆ ಚಂದ್ರಾಮನೂ ತನ್ನ ಹಾಗೆ ಮೊಣಕಾಲು ಹಿಡಿದುಕೊಂಡು ನಿಂತಿದ್ದ. ಈ ಸುಳ್ಳನ್ನು ನಂಬಿ ಅವನೂ ಕಾಲು ಕಳೆದುಕೊಳ್ಳುತ್ತಾನೆ. ಗುರಲಿಂಗಪ್ಪನಿಗೆ ತಡೆಯಲಾಗಲಿಲ್ಲ.

“ಗಾಡಿ ಕೆಟ್ಟಿಲ್ಲೋ ಚಂದ್ರಾಮ,” ಅಂದ. “ನಾ ಕೆಡಿಸೇನಿ. ಅಂವ ಹೇಳಾಕ ಬಂದಿದ್ದ, ನಾ ಕೇಳಲಿಲ್ಲ. ಹೊಟ್ಟಿಕಿಚ್ಚಿಗೆ ಇಷ್ಟ ದಿನಾ ಸುಳ್ಳ ಹೇಳೇನಿ. ನೀ ಬುಕಿಂಗ್ ಕ್ಯಾನ್ಸಲ್ ಮಾಡಬ್ಯಾಡ.”

ನಗು ನಿಂತಿತು. ಈಶ್ವರ ಬಟ್ಟೆ ಕೊಡವಿ ಗಾಡಿಯ ಬಾಗಿಲು ತೆಗೆದ.

“ಬರ್ರಿ ಅಣ್ಣಾ, ಕುಂಡ್ರಿ. ಎಡಗಾಲು ಹಿಂದಕ್ಕ ಎಳಕೋರಿ. ಅದಕ್ಕ ಇಲ್ಲಿ ಕೆಲಸಿಲ್ಲ.”

ಉಸ್ತಾದ್ ಗುರಲಿಂಗಪ್ಪ ಎಲ್ಲರ ಎದುರಿಗೆ, ತನ್ನ ಶಿಷ್ಯನ ಕೈಯಲ್ಲಿ, ಬ್ರೇಕ್ ಹಾಕಿ ಏರಿನಲ್ಲಿ ನಿಲ್ಲುವುದನ್ನು ಕಲಿತ. ಆ ವರ್ಷವೇ ಲಕ್ಷ್ಮವ್ವ ತಾನೇ ಶೋರೂಮಿಗೆ ಹೋಗಿ, ಹತ್ತು ಪ್ರಶ್ನೆ ಕೇಳಿ, ಗಂಡನಿಗೆ ಆಟೊಮ್ಯಾಟಿಕ್ ವ್ಯಾನ್ ಕೊಡಿಸಿದಳು. ಮೊಣಕಾಲಿನ ಊತ ಇಳಿಯಿತು, ಡ್ರೈವಿಂಗ್ ಉಳಿಯಿತು. ಹೊಟ್ಟೆಕಿಚ್ಚು ಹೋಯಿತೇ? ಈಶ್ವರನ ಗಾಡಿ ಹೆಚ್ಚು ಮೈಲೇಜ್ ಕೊಡುತ್ತದೆಂದು ಅವನಿಗೆ ಈಗಲೂ ಗುಮಾನಿ.

ಗಾಡಿ ಓಡಿಸಿ ಮನೆ ನಡೆಸುವ ಅಣ್ಣಂದಿರೇ, ತಮ್ಮಂದಿರೇ, ಅಕ್ಕಂದಿರೇ, ಆಟೊಮ್ಯಾಟಿಕ್ ಗಾಡಿ ಬಾಳಿಕೆ ಬರುವುದಿಲ್ಲ ಎಂಬ ಗಾಳಿಮಾತಿಗೆ ಕಿವಿಗೊಡಬೇಡಿ. ಎಂದೂ ಕೆಡುವುದೇ ಇಲ್ಲ ಎನ್ನುವವರನ್ನೂ ನಂಬಬೇಡಿ. ಆಟೊಮ್ಯಾಟಿಕ್‌ನಲ್ಲೂ ಹಲವು ಬಗೆಗಳಿವೆ. ಕೊಳ್ಳುವ ಮುಂಚೆ ನಿಮ್ಮದು ಯಾವ ಬಗೆ, ಎಷ್ಟು ಭಾರ ತಾಳುತ್ತದೆ, ಹತ್ತಿರದಲ್ಲಿ ಅದನ್ನು ರಿಪೇರಿ ಮಾಡಬಲ್ಲವರು ಇದ್ದಾರೆಯೇ ಎಂದು ವಿಚಾರಿಸಿ. ಗಾಡಿಯ ಜೊತೆ ಬಂದ ಪುಸ್ತಕ ಓದಿ, ಬಾರದಿದ್ದರೆ ಮಕ್ಕಳಿಂದ ಓದಿಸಿ. ಏರಿನಲ್ಲಿ ಬ್ರೇಕ್ ಹಿಡಿಯಿರಿ. ಕೆಂಪು ದೀಪ ಹತ್ತಿದರೆ ಸೈಡಿಗೆ ನಿಲ್ಲಿಸಿ.

ಇನ್ನು ಷಡ್ಡಕನ ಮೇಲೆ ಹೊಟ್ಟೆಕಿಚ್ಚು ಪಡಲೇಬೇಕೆಂದಿದ್ದರೆ ಧಾರಾಳವಾಗಿ ಪಡಿ. ಆದರೆ ಅವನ ಗಾಡಿಯ ಚಾವಿ ಕೈಗೆ ತೆಗೆದುಕೊಂಡಾಗ, ಅವನು ಹೇಳುವ ಐದು ನಿಮಿಷದ ಮಾತು ಕೇಳಿಸಿಕೊಂಡು ಹತ್ತಿ.