ನಡುಗೆರೆಯ ಮೇಲೆ ಕೂತ ನಿಶಾತ ಮೇಡಂ

ಸಿಟ್ಟು ಬಂದಾಗ ಜನ ಎದ್ದು ನಿಲ್ಲುತ್ತಾರೆ. ನಿಶಾತ ಮೇಡಂ ಕೂತುಬಿಡುತ್ತಿದ್ದರು. ಶಾಲೆಯ ಬಯಲಿಗೆ ಯಾರೋ ಜಲ್ಲಿ ಸುರಿಯಲು ಬಂದಾಗ ಲಾರಿಯ ಮುಂದೆ ಕೂತರು. ಹುಡುಗಿಯರ ಆಟದ ಅವಧಿಯನ್ನು ಗಣಿತಕ್ಕೆ ಕೊಟ್ಟಾಗ ಹೆಡ್ ಮಾಸ್ತರರ ಕೋಣೆಯ ಹೊಸ್ತಿಲಲ್ಲಿ ಕೂತರು. ಬೆಟಗೇರಿಯ ನಮ್ಮ ಹೈಸ್ಕೂಲಿನಲ್ಲಿ ಅವರು ದೈಹಿಕ ಶಿಕ್ಷಕಿ, ನಾನು ಕನ್ನಡ ಕಲಿಸುವವನು. ಬೇಸಿಗೆಯಲ್ಲೂ ಮೈಬಿಡದ ನೀಲಿ ಕೋಟು, ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು, ಎಡ ಮೊಣಕಾಲಿನ ಹಳೆಯ ನೋವಿನಿಂದ ಒಂದು ಕಡೆಗೆ ವಾಲಿದರೂ ಯಾರಿಗೂ ಹಿಂದೆ ಬೀಳದ ನಡಿಗೆ. ಮಾತಿಗೊಮ್ಮೆ ‘ಖರೆ ಹೇಳು’ ಎನ್ನುವರು. ಅವರೆದುರು ಸುಳ್ಳಾಡಲು ಮಕ್ಕಳಿಗಿಂತ ನಾವು ಶಿಕ್ಷಕರೇ ಹೆಚ್ಚು ಅಂಜುತ್ತಿದ್ದೆವು.

ತಲೆಗೆ ಪೆಟ್ಟು ಬಿದ್ದವರು ಆ ದಿನ ಮತ್ತೆ ಅಂಗಣಕ್ಕೆ ಇಳಿಯಕೂಡದು ಎಂಬುದು ಅವರ ಹಟ. ಕಾಲೇಜಿನಲ್ಲಿ ಅವರೊಂದಿಗೆ ಕಬಡ್ಡಿ ಆಡುತ್ತಿದ್ದ ಹಮ್ಮಿಗಿಯ ಚೌಡವ್ವ, ತಲೆ ಬಡಿದ ಮೇಲೂ ಏನೂ ಆಗಿಲ್ಲವೆಂದು ಎದ್ದು ಆಡಿ, ಅದೇ ಸಂಜೆ ಎರಡನೆಯ ಸಲ ಬಿದ್ದವಳು, ಆಮೇಲೆ ಒಂದು ಮಾತನ್ನೂ ನೆಟ್ಟಗೆ ಆಡಲಾರದೆ ಹೋದಳಂತೆ. ಇದನ್ನು ಮೇಡಂ ನನಗೆ ಹೇಳಿದ್ದು ಒಂದೇ ಸಲ.

ಗದಗ ಹೊಸ ಜಿಲ್ಲೆಯಾದ ಮರುವರ್ಷ ನಮ್ಮ ಹುಡುಗಿಯರ ಕಬಡ್ಡಿ ತಂಡ ಜಿಲ್ಲಾ ಪಂದ್ಯಕ್ಕೆ ಹೋಯಿತು. ಹುಬ್ಬಳ್ಳಿ-ಧಾರವಾಡದ ಶಾಲೆಗಳ ಕಾಟವಿಲ್ಲದ ಪಂದ್ಯ. ಕಪ್ಪು ನಮ್ಮದೇ ಎಂದು ಹೆಡ್ ಮಾಸ್ತರರು ಕಪಾಟಿನಲ್ಲಿ ಜಾಗವನ್ನೂ ಮಾಡಿಸಿದ್ದರು. ಬೆಳಗಿನ ಸೆಮಿಫೈನಲ್ಲಿನಲ್ಲಿ ನಾವು ಗೆಲ್ಲುವ ಹಂತದಲ್ಲಿದ್ದೆವು. ಆಗ ತಂಡದ ಬಲವೇ ಆಗಿದ್ದ ರಂಜನಾ, ನೇಕಾರ ತೋಟಪ್ಪನ ಮಗಳು, ಎದುರಾಳಿಗಳ ಹಿಡಿತದಿಂದ ಜಾರಿ ಹಿಮ್ಮುಖವಾಗಿ ಬಿದ್ದಳು. ತಲೆ ನೆಲಕ್ಕೆ ಬಡಿದ ಸದ್ದು ದೂರದಲ್ಲಿದ್ದ ನನಗೂ ಕೇಳಿಸಿತು. ಎದ್ದಳು, ನಕ್ಕಳು, ಚಪ್ಪಾಳೆ ಬಿತ್ತು. ಮೇಡಂ ಮಾತ್ರ ಅವಳನ್ನು ಕೂಡಲೇ ಹೊರಗೆ ಕರೆದು ಬೇವಿನ ನೆರಳಲ್ಲಿ ಕೂರಿಸಿದರು.

“ಖರೆ ಹೇಳವಾ, ತಲಿ ನೋಯಾಕತ್ತೈತೇನ?”

“ಇಲ್ರಿ ಮೇಡಂ. ನಾವು ಗೆದ್ವೇನ್ರಿ?”

ಗೆದ್ದೆವು ಎಂದರು. ತುಸು ಹೊತ್ತಿಗೆ ಅವಳು ಮತ್ತೆ ಕೇಳಿದಳು: “ನಾವು ಗೆದ್ವೇನ್ರಿ?”

ಮಧ್ಯಾಹ್ನದ ಫೈನಲ್ಲಿಗೆ ರಂಜನಾ ಇಲ್ಲವೆಂದಾಗ ಹೆಡ್ ಮಾಸ್ತರರು ಕೆಂಡವಾದರು. “ಒಂದು ಹನಿ ರಕ್ತ ಬಂದಿಲ್ಲ. ಎದ್ದು ನಿಂತಾಳ, ನಗಾಕತ್ಯಾಳ. ನೀವೇನು ಡಾಕ್ಟರ್ ಏನ್ರಿ?”

ಪಂದ್ಯ ನೋಡಲು ಬಂದಿದ್ದ ತೋಟಪ್ಪನೂ ದನಿಗೂಡಿಸಿದ: “ಆಡ್ಲಿ ಬಿಡ್ರಿ ಮೇಡಂ, ನಮ್ಮ ಕೂಸು ಗಟ್ಟಿ ಐತಿ.”

ಮುಂಡರಗಿಯ ತಂಡ ಎದುರಿಗೆ ಕಾಯುತ್ತಿತ್ತು. ಹೆಡ್ ಮಾಸ್ತರರು ತಾವೇ ಬೆನ್ನು ತಟ್ಟಿ ರಂಜನಾಳನ್ನು ಅಂಗಣಕ್ಕೆ ಕಳಿಸಿದರು. ಆಗ ನಿಶಾತ ಮೇಡಂ ನಡೆದು ಬಂದು ನಡುಗೆರೆಯ ಮೇಲೆ ಕೂತರು. ಪಂಚರು ಸೀಟಿ ಊದಿದರು, ಜನ ಕೂಗಿದರು, ಆಡಬಾರದ ಮಾತುಗಳೂ ಬಂದವು.

“ಅಕಿ ಹೊರಗ ಹೋಗೂತನಕ ನಾ ಏಳಾಂಗಿಲ್ಲ.”

ರಂಜನಾ ಅಳುತ್ತ ಹೊರಗೆ ಬಂದಳು. ನಾವು ಸೋತೆವು.

ಸಂಜೆ ಹುಡುಗಿಗೆ ವಾಂತಿ ಶುರುವಾಯಿತು. ಮಿದುಳಿಗೆ ಏಟಾಗಿದೆ, ಪೂರ್ತಿ ವಿಶ್ರಾಂತಿ ಬೇಕು ಎಂದರು ವೈದ್ಯರು. ಹುಟ್ಟಿದಾಗಿನಿಂದ ಜೋಗುಳದಂತೆ ಕೇಳಿ ಬೆಳೆದ ಮಗ್ಗದ ಸದ್ದನ್ನು ಸಹಿಸಲಾರದೆ, ಅವಳು ಶಿರಹಟ್ಟಿಯ ಸೋದರತ್ತೆ ದೇವವ್ವನ ಮನೆಯಲ್ಲಿ ಕಿಟಕಿ ಮುಚ್ಚಿಕೊಂಡು ಮಲಗಿದಳು. ತೋಟಪ್ಪ ಶಾಲೆಗೆ ಬಂದು ಮೇಡಂ ಮುಂದೆ ತಲೆ ತಗ್ಗಿಸಿದ.

“ನನಗ ತಿಳೀಲಿಲ್ರಿ.”

“ಹೆಂಗ ತಿಳೀಬೇಕಣ್ಣಾ? ಒಳಗಿನ ಪೆಟ್ಟು ಕಾಣಾಂಗಿಲ್ಲ.”

ಅವಳು ಮರಳಿ ಬಂದ ಮೇಲೂ ಮೇಡಂ ಅವಸರಪಡಲಿಲ್ಲ. ಮೊದಲು ತಲೆನೋವಿಲ್ಲದೆ ದಿನವಿಡೀ ಪಾಠ ಕೇಳಬೇಕು. ಆಮೇಲೆ ನಡಿಗೆ, ಓಟ, ಯಾರೂ ಮುಟ್ಟದ ಅಭ್ಯಾಸ. ವೈದ್ಯರು ಒಪ್ಪಿದ ಮೇಲಷ್ಟೇ ಆಟ. ನಡುವೆ ತಲೆ ನೋಯಿತೋ, ಒಂದು ಮೆಟ್ಟಿಲು ಹಿಂದಕ್ಕೆ. ವಾರ್ಷಿಕೋತ್ಸವದ ಹೊತ್ತಿಗೆ ರಂಜನಾ ಮೊದಲಿನಂತೆ ಆಡಿದಳು.

ಅದನ್ನೇ ಹೆಡ್ ಮಾಸ್ತರರು ಶಿಕ್ಷಕರ ಸಭೆಯಲ್ಲಿ ಅಸ್ತ್ರ ಮಾಡಿಕೊಂಡರು: “ನೋಡ್ರಿ, ಹುಡುಗಿ ಕುಣದಾಡಾಕತ್ಯಾಳ. ಸುಮ್ನ ಕಪ್ಪು ಕಳಕೊಂಡ್ವಿ.”

ನನಗೆ ಮೈಯೆಲ್ಲ ಉರಿಯಿತು. “ಅಕಿ ಕುಣದಾಡಾಕತ್ತಿದ್ದು ಇವರ ದೆಸಿಯಿಂದ್ರೀ ಸರ!” ಎಂದೆ. ಸಭೆ ಮುಂದಿನ ವಿಷಯಕ್ಕೆ ಹೋಯಿತು. ಮೇಡಂ ಕೈಯಿಂದ ತಂಡವನ್ನು ಕಿತ್ತುಕೊಂಡು ಹೊಲಿಗೆಯ ತರಗತಿ ಕೊಟ್ಟರು.

ಬಿದ್ದವರನ್ನು ಎತ್ತಿದವರಿಗೆ ಲೋಕ ಹಾರ ಹಾಕುತ್ತದೆ, ಬೀಳದಂತೆ ತಡೆದವರಿಂದ ಸಾಕ್ಷಿ ಕೇಳುತ್ತದೆ. ಒದಗದೇ ಹೋದ ಅನಾಹುತಕ್ಕೆ ಅವರಾದರೂ ಎಲ್ಲಿಂದ ಸಾಕ್ಷಿ ತಂದಾರು? ಇಂಥವರು ಎಲ್ಲ ಊರಲ್ಲೂ ಒಬ್ಬಿಬ್ಬರಿರುತ್ತಾರೆ. ಅವರನ್ನು ಹಟಮಾರಿಗಳೆಂದು ಜರೆದು, ಅವರು ಉಳಿಸಿಕೊಟ್ಟ ಮಕ್ಕಳ ಕೈಹಿಡಿದು ನಾವು ನೆಮ್ಮದಿಯಾಗಿ ಮನೆಗೆ ಹೋಗುತ್ತೇವೆ.