ಬೊಂಬೆಗಳಿಟ್ಟ ಜಗಲಿ

ಹೊರದೇಶದ ಪ್ರತಿಷ್ಠಾನವೊಂದು ಕಲೆಗೂ ಕಟ್ಟಡಗಳಿಗೂ ಅನುದಾನ ಕೊಡುತ್ತದೆ. ಕೊಟ್ಟ ಕೆಲವು ವರ್ಷಗಳ ಮೇಲೆ, ಅದರಿಂದ ಯಾರಿಗೆ ಏನಾಯಿತು ಎಂದು ನೋಡಿಕೊಂಡು ಬರಲು ನನ್ನನ್ನು ಕಳಿಸುತ್ತದೆ. ಮಗಳು ಚಿಕ್ಕವಳಿದ್ದಾಗ ಅಮ್ಮ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ, "ಒಳ್ಳೇದಾಯ್ತಾ ಇಲ್ವಾ ಅಂತ ಅಳೀತಾಳೆ" ಎನ್ನುತ್ತಿದ್ದಳು. ಅದಕ್ಕಿಂತ ಸರಿಯಾಗಿ ಹೇಳುವುದು ನನಗೂ ಬಂದಿಲ್ಲ.

ಆ ಸಲ ನಾನು ನೋಡಬೇಕಾಗಿದ್ದದ್ದು ಮಾರುಕಟ್ಟೆಯ ಹಿಂದಿನ ಒಂದು ಕಲಾಮಂದಿರ. ಮೊದಲು ಅದು ಧಾನ್ಯದ ಗೋದಾಮಾಗಿತ್ತು. ನನ್ನದೇ ವಯಸ್ಸಿನ ಒಬ್ಬ ವಾಸ್ತುಶಿಲ್ಪಿ, ಹೆಂಗಸು, ಅನುದಾನ ತಂದು ಅದನ್ನು ಕಲಾಮಂದಿರವಾಗಿ ಮಾರ್ಪಡಿಸಿದ್ದರು. ಅವರ ಅತ್ತಿಗೆ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು, ಬೀಗದ ಕೈಯಿಂದ ಹಿಡಿದು ಕಸಬರಿಕೆಯವರೆಗೆ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದರು. ಮುಂದಿನ ಅನುದಾನ ಬರದಿದ್ದರೆ ಮಾರುಕಟ್ಟೆ ಸಮಿತಿ ಕಟ್ಟಡವನ್ನು ವಾಪಸ್ ತೆಗೆದುಕೊಂಡು ಮತ್ತೆ ಮೂಟೆ ಪೇರಿಸುತ್ತದೆ. ಇದು ವಾಸ್ತುಶಿಲ್ಪಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹಾಗಾಗಿ ಇಬ್ಬರೂ ಅದರ ಮಾತೆತ್ತಲಿಲ್ಲ.

ಹೊರಗೆ ಬಿಸಿಲು ನೆತ್ತಿ ಸುಡುತ್ತಿತ್ತು. ಒಳಗೆ ಕಾಲಿಟ್ಟರೆ ಬಾವಿಗೆ ಇಳಿದಷ್ಟು ತಂಪು. ದಪ್ಪ ಗೋಡೆ, ಸೂರಿನ ಕೆಳಗೆ ಸಾಲಾಗಿ ಗಾಳಿಕಿಂಡಿ, ಒಂದು ಗೋಡೆಯ ಉದ್ದಕ್ಕೂ ಮೊಣಕಾಲೆತ್ತರದ, ಅಗಲವಾದ ಕಲ್ಲಿನ ಜಗಲಿ. ಜಗಲಿಯ ಮೇಲೆ ಮಣ್ಣಿನ ಬೊಂಬೆಗಳನ್ನು ಒತ್ತೊತ್ತಾಗಿ ಜೋಡಿಸಿದ್ದರು. ನಡುವೆ ಮೇಜಿನ ಸುತ್ತ ಕೂತ ಹೆಂಗಸರು ಚಿತ್ರಕ್ಕೆ ಬಣ್ಣ ಹಾಕುತ್ತಿದ್ದರು. ಅವರ ಏಪ್ರನ್ನುಗಳ ಮೇಲೆ ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಬಣ್ಣದ ಟ್ಯೂಬುಗಳೆಲ್ಲ ಹೊಟ್ಟೆ ತುಂಬಿಕೊಂಡೇ ಇದ್ದವು. ಇಂಥದ್ದನ್ನು ನೋಡಿ ನೋಡಿ ನನಗೆ ಅಭ್ಯಾಸ. ಬೀಗರು ಬರುವ ದಿನ ಯಾರ ಮನೆಯ ಹೊದಿಕೆ ತಾನೇ ಹಳೆಯದಿರುತ್ತದೆ?

ಪ್ರತಿಷ್ಠಾನದ ಪ್ರಶ್ನೆಗಳನ್ನು ಕೇಳಿ ಮುಗಿಸಿದ ಮೇಲೆ ನಾನು ಎಲ್ಲ ಕಡೆಯೂ ನನ್ನದೇ ಒಂದು ಪ್ರಶ್ನೆ ಕೇಳುತ್ತೇನೆ. ಇಲ್ಲೂ ಕೇಳಿದೆ.

"ನಾಳೆ ಈ ಬಾಗಿಲು ಮುಚ್ಚಿದ್ರೆ, ಇಷ್ಟು ಹೊತ್ತಿಗೆ ನೀವೆಲ್ಲ ಎಲ್ಲಿರ್ತೀರಿ?"

"ಮನೇಲಿ," ಎಂದಳು ಒಬ್ಬಳು.

"ನಾನೂ ಮನೇಲೇ. ದಿನಾ ಮನೇಲೇ ಇರ್ತೀನಲ್ಲ ಮೇಡಂ," ಎಂದಳು ಇನ್ನೊಬ್ಬಳು. ಪಕ್ಕದವಳು ಮೊಣಕೈಯಿಂದ ತಿವಿದ ಮೇಲೆ ಬಣ್ಣದ ತಟ್ಟೆಯೊಳಗೆ ಮುಖ ಹಾಕಿದಳು.

ವಾಸ್ತುಶಿಲ್ಪಿ ಗಾಳಿಕಿಂಡಿಗಳತ್ತ ನೋಡುತ್ತಾ ನಿಂತಿದ್ದರು.

ಅಷ್ಟರಲ್ಲಿ ಬಾಗಿಲಿಗೆ ಒಬ್ಬ ನರ್ಸ್ ಬಂದಳು. ರಾತ್ರಿ ಪಾಳಿ ಮುಗಿಸಿದ ಕಣ್ಣು. ಒಳಗೆ ಇಣುಕಿ, ಜಗಲಿ ನೋಡಿ, ತಿರುಗಿ ಹೋದಳು. ಸ್ವಲ್ಪ ಹೊತ್ತಿಗೆ ಖಾಲಿ ತರಕಾರಿ ಬುಟ್ಟಿ ಹಿಡಿದವಳೊಬ್ಬಳು ಬಂದಳು. ಅವಳೂ ಬೊಂಬೆಗಳನ್ನೇ ನೋಡಿ ಹಿಂದಕ್ಕೆ ಹೋದಳು. ಮೂರನೆಯವಳಿಗೆ ಕೈಗೂಸಿತ್ತು. ಅವಳು ಒಂದು ಗಳಿಗೆ ಅತ್ತಿಗೆಯ ಮುಖ ನೋಡಿದಳು. ಅತ್ತಿಗೆ ಕಣ್ಣಲ್ಲೇ 'ಇವತ್ತು ಬೇಡ' ಎಂದರು.

"ಇವರೆಲ್ಲ ಯಾರು?" ಎಂದು ಕೇಳಿದೆ.

"ಮಾರ್ಕೆಟ್ಟಿಗೆ ಬಂದವ್ರು. ದಾರಿ ತಪ್ಪಿರ್ಬೇಕು," ಎಂದರು ವಾಸ್ತುಶಿಲ್ಪಿ.

"ಹೌದು, ಪಾಪ," ಎಂದರು ಅತ್ತಿಗೆ ಸ್ಟೂಲಿನಿಂದಲೇ. "ಎಷ್ಟೋ ಕಾಲದಿಂದ ದಿನಾ ತಪ್ಪಿಸ್ಕೊಂಡು ಇಲ್ಲಿಗೇ ಬರ್ತಾರೆ."

"ಅತ್ತಿಗೆ..."

"ಇಲ್ಲಮ್ಮ, ನಾನೇನೂ ಹೇಳ್ಲಿಲ್ಲ."

ಆಮೇಲೆ ಬಂದವಳು ಬಸ್ ಕಂಡಕ್ಟರ್. ದಪ್ಪ ಮೈ, ಖಾಕಿ ಅಂಗಿ, ಹೆಗಲಿಗೆ ಟಿಕೆಟ್ಟಿನ ಚೀಲ. ಅವಳು ಹೊಸಿಲಲ್ಲಿ ನಿಲ್ಲುವ ಜಾತಿಯಲ್ಲ. ಸೀದಾ ಒಳಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಇದೇನಕ್ಕ, ನಮ್ಮ ಜಾಗದಲ್ಲಿ ಬೊಂಬೆ ಕೂರ್ಸಿದೀರಿ? ಇವಕ್ಕೂ ನಿದ್ದೆ ಬರುತ್ತಾ?"

"ಇವತ್ತೊಂದಿನ ಹೋಗಿ ಬಾರೇ," ಎಂದರು ಅತ್ತಿಗೆ ದನಿ ತಗ್ಗಿಸಿ.

"ಹೋಗು ಅಂದ್ರೆ ಎಲ್ಲಿಗೆ ಹೋಗ್ಲಿ?"

ಅದು ನನ್ನ ಪ್ರಶ್ನೆಗೆ ಉತ್ತರವೆಂದು ಅವಳಿಗೆ ಗೊತ್ತಿರಲಿಲ್ಲ. ಎರಡು ಬೊಂಬೆಗಳನ್ನು, ಮಲಗಿದ ಮಕ್ಕಳನ್ನು ಎತ್ತುವಷ್ಟು ಜೋಪಾನವಾಗಿ ಎತ್ತಿ ಕೆಳಗಿಟ್ಟಳು. ಚೀಲ ತಲೆಗಿಟ್ಟುಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಬಣ್ಣ ಹಾಕುತ್ತಿದ್ದವರು ಇನ್ನೊಂದು ಎಲೆ ಬರೆಯುವಷ್ಟರಲ್ಲಿ ಅವಳ ಗೊರಕೆ ಶುರುವಾಯಿತು.

ವಾಸ್ತುಶಿಲ್ಪಿ ನನ್ನನ್ನು ಪಕ್ಕದ ಸಣ್ಣ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದರು.

"ನೀವು ನೋಡಿದ್ದು ನಿಜ. ಆ ಏಪ್ರನ್ನಿನವ್ರು ನಮ್ಮ ಬೀದಿಯವ್ರು, ನಾನೇ ಕರ್ಕೊಂಡು ಬಂದೆ," ಎಂದರು. "ಮೊದಲೆರಡು ವರ್ಷ ಪ್ರದರ್ಶನ ಮಾಡಿದ್ವಿ. ನೋಡೋಕೆ ಬಂದವ್ರು ಕಲಾವಿದರ ಮನೆಯವ್ರು ಮಾತ್ರ. ಆಮೇಲೆ ಈ ಹೆಂಗಸ್ರು ಬರೋಕೆ ಶುರುವಾದ್ರು. ಬರ್ತಾರೆ, ಮಲಗ್ತಾರೆ, ಎದ್ದು ಹೋಗ್ತಾರೆ. ಚಿತ್ರ ನೋಡಿ ಅಂದ್ರೆ, ಮಲಗಿದ ಕಡೆಯಿಂದಾನೇ ಕಾಣ್ಸುತ್ತಲ್ಲ ಅಂತಾರೆ. ಕಲೆಗೆ ಅಂತ ಕೊಟ್ಟ ದುಡ್ಡಲ್ಲಿ ಗೊರಕೆ ಹೊಡೀತಿದಾರೆ ಅಂತ ಯಾವ ಬಾಯಲ್ಲಿ ಹೇಳ್ಲಿ? ನನ್ನ ಹೆಸರು ಏನಾಗ್ಬೇಕು?"

ಚಹಾ ತಂದ ಅತ್ತಿಗೆ ಬಾಗಿಲಲ್ಲೇ ನಿಂತರು.

"ಇವಳಿಗೆ ಅದು ಅರ್ಥ ಆಗಲ್ಲ ಮೇಡಂ. ಮನೇಲಿ ಹೆಂಗಸಿನ ನಿದ್ದೆ ಅವಳದ್ದಲ್ಲ, ಮನೆಯವರೆಲ್ಲರ ಪಾಲು. ಕಣ್ಣು ಮುಚ್ಚಿದ್ರೆ ಒಬ್ಬರಿಗೆ ನೀರು ಬೇಕು, ಇನ್ನೊಬ್ಬರಿಗೆ ಕಾಲುಚೀಲ ಸಿಗಲ್ಲ. ಇಲ್ಲಿ ಅವರನ್ನ ಕೂಗೋರಿಲ್ಲ. ಅಷ್ಟೇ."

ನಾನು ಚಹಾ ಕುಡಿದೆ. ಈ ಕೆಲಸದ ಮೇಲೆ ಊರೂರು ತಿರುಗುವಾಗ, ಹೋಟೆಲ್ ಕೋಣೆಯಲ್ಲಿ ಚಿಲಕ ಹಾಕಿಕೊಂಡು ಮಧ್ಯಾಹ್ನ ಒಂದು ಗಂಟೆ ಮಲಗುತ್ತೇನೆ. ಮನೆಯಲ್ಲಿ ಯಾರಿಗೂ ಅದನ್ನು ಹೇಳಿಲ್ಲ. ಮನೆಯ ಮಲಗುವ ಕೋಣೆಗೆ ನಾನು ಹಗಲು ಹೊತ್ತು ಚಿಲಕ ಹಾಕಿದ್ದೇ ಇಲ್ಲ. ಹಾಕಿದರೆ ಮೈಗೆ ಹುಷಾರಿಲ್ಲವೇ ಎಂದು ಕೇಳುತ್ತಾರೆ.

"ಜಗಲಿ ಅಷ್ಟು ಅಗಲ ಯಾಕೆ ಮಾಡಿದ್ರಿ?" ಎಂದು ಕೇಳಿದೆ.

"ಶಿಲ್ಪದ ಸುತ್ತ ಜಾಗ ಬೇಕಲ್ಲ."

"ಅಷ್ಟು ತಗ್ಗು?"

"ಬಂದವ್ರು ಅಂಜದೆ ಹತ್ತಿರ ಹೋಗ್ಲಿ ಅಂತ."

"ಗಾಳಿಕಿಂಡಿ?"

"ಒಳಗೆ ಕಾವು ನಿಂತ್ರೆ ಬಣ್ಣ ಕೆಡುತ್ತೆ. ಬೆಳಕೂ ನೇರವಾಗಿ ಕಣ್ಣಿಗೆ ಹೊಡೀಬಾರ್ದು..." ಎಂದವರು ಅಲ್ಲಿಗೇ ನಿಲ್ಲಿಸಿದರು.

"ನಿಮಗೆ ಕೊಟ್ಟಿದ್ದು ಕಲೆಗೆ ಒಂದು ಭಾಗ, ಕಟ್ಟಡಕ್ಕೆ ಒಂದು ಭಾಗ," ಎಂದೆ. "ಕಲೆಯ ಭಾಗದಲ್ಲಿ ಬರೆಯೋಕೆ ನನಗೆ ಹೆಚ್ಚೇನೂ ಸಿಕ್ಕಿಲ್ಲ. ಆದ್ರೆ ನಿಮ್ಮ ಕಟ್ಟಡ ಕೆಲಸ ಮಾಡ್ತಿದೆ."

ಅವರು ಚಹಾದ ಲೋಟ ಕೆಳಗಿಟ್ಟರು. ಹೊಗಳಿಕೆ ಎಂದುಕೊಂಡರೋ ಅವಮಾನ ಎಂದುಕೊಂಡರೋ, ಆಗ ನನಗೆ ತಿಳಿಯಲಿಲ್ಲ.

ಮರುದಿನ ನಾನು ಮೊದಲೇ ಹೇಳದೆ ಹೋದೆ. ಬೊಂಬೆಗಳು ಮೂಲೆಯ ಮೇಜಿನ ಮೇಲಿದ್ದವು. ಜಗಲಿ ತುಂಬ ಹೆಂಗಸರು; ಕೂಸಿನ ತಾಯಿ ಕೂಸಿಗಿಂತ ಗಾಢವಾಗಿ ಮಲಗಿದ್ದಳು. ಎದ್ದವರನ್ನೆಲ್ಲ ಅದೇ ಪ್ರಶ್ನೆ ಕೇಳಿದೆ. ನರ್ಸ್ ಕಣ್ಣುಜ್ಜಿಕೊಳ್ಳುತ್ತಾ, "ಅಡುಗೆ ಮನೇಲಿ ನಿಂತ್ಕೊಂಡು ತೂಕಡಿಸ್ತಿರ್ತೀನಿ," ಎಂದಳು.

ವರದಿಯ ಕರಡನ್ನು ಅನುದಾನ ಪಡೆದವರಿಗೆ ತೋರಿಸಿಯೇ ಕಳಿಸಬೇಕು. ಒಪ್ಪದ ಸಾಲನ್ನು ಹೊಡೆದುಹಾಕುವ ಹಕ್ಕು ಅವರಿಗಿದೆ. ವಾಸ್ತುಶಿಲ್ಪಿ ಪೆನ್ನು ಹಿಡಿದುಕೊಂಡೇ ಓದಿದರು. ಜಗಲಿಯ ಹೆಂಗಸರ ಭಾಗಕ್ಕೆ ಬಂದಾಗ ಪೆನ್ನು ನಿಂತಿತು. ಹೊಡೆದುಹಾಕಿದರೆ ಅವರ ಹೆಸರು ಉಳಿಯುತ್ತದೆ. ವರದಿಯಲ್ಲಿ ಮಾತ್ರ ಏನೂ ಉಳಿಯುವುದಿಲ್ಲ.

"ವಿಶ್ರಾಂತಿ ಅಂತ ಬರೆದಿದೀರಿ."

"ನಿಮಗೆ ಮುಜುಗರ ಆಗ್ಬಾರ್ದು ಅಂತ."

"ವಿಶ್ರಾಂತಿ ಅಂದ್ರೆ ಕುರ್ಚಿ ಹಾಕಿ ಕೂರಿಸಿದೀವಿ ಅಂದ್ಕೋತಾರೆ. ನಿದ್ದೆ ಅಂತಲೇ ಬರೀರಿ," ಎಂದು ತಾವೇ ತಿದ್ದಿದರು.

"ಅಲ್ಲಿ ಓದೋರು ನಗಬಹುದು."

"ನಗ್ಲಿ. ಆವತ್ತು ಮೂವರನ್ನ ಬಾಗಿಲಿಂದ ವಾಪಸ್ ಕಳ್ಸಿದೀನಿ. ಅದಕ್ಕಿಂತ ಕೆಟ್ಟದೇನೂ ಆಗಲ್ಲ."

ಕೆಲವು ವಾರ ಪ್ರತಿಷ್ಠಾನದಿಂದ ಪ್ರಶ್ನೆಗಳು ಬಂದವು. ನಿದ್ದೆ ಯಾವ ಕಲಾಪ್ರಕಾರಕ್ಕೆ ಸೇರುತ್ತದೆ ಎಂದು ಒಬ್ಬರು ನಿಜವಾಗಿಯೂ ಕೇಳಿದರು. ಕಟ್ಟಡದ ವಿಭಾಗ ನೋಡಿ ಎಂದು ಉತ್ತರಿಸಿದೆ. ಅಳೆದೂ ಸುರಿದೂ ಕೊನೆಗೆ ಕಟ್ಟಡದ ಪಾಲು ಕೊಟ್ಟರು, ಕಲೆಯ ಪಾಲು ಕೊಡಲಿಲ್ಲ. ಗೋದಾಮು ಆಗುವುದು ಸದ್ಯಕ್ಕೆ ತಪ್ಪಿತು.

ಸುದ್ದಿ ತಿಳಿಸಲು ಫೋನ್ ಮಾಡಿದಾಗ ತೆಗೆದುಕೊಂಡದ್ದು ಅತ್ತಿಗೆ.

"ಸ್ವಲ್ಪ ಮೆಲ್ಲಗೆ ಮಾತಾಡಿ ಅಳತೆ ಮೇಡಂ, ಇದು ಮಲಗೋ ಹೊತ್ತು."

"ನಿಮ್ಮ ನಾದಿನಿ ಇಲ್ವಾ?"

"ಇದಾಳೆ. ಜಗಲಿ ಮೇಲೆ ಕೂತಿದಾಳೆ. ಮಲಗೋಕೆ ಇನ್ನೂ ನಾಚಿಕೆ." ಅತ್ತಿಗೆ ದನಿ ಇನ್ನಷ್ಟು ತಗ್ಗಿಸಿದರು. "ಕಂಡಕ್ಟರ್ ಪಕ್ಕಕ್ಕೆ ಸರಿದು ಜಾಗ ಬಿಟ್ಟಿದಾಳೆ. ನೋಡೋಣ. ಫೋನಿಗೆ ಅವಳನ್ನ ಎಬ್ಬಿಸ್ಲಾ, ಬೇಡ್ವಾ?"

"ಅವರು ಇನ್ನೂ ಮಲಗೇ ಇಲ್ಲ ಅಂದ್ರಲ್ಲ."

"ಈಗ ಮಲಗಿದ್ಲು," ಎಂದು ಅತ್ತಿಗೆ ಫೋನ್ ಇಟ್ಟರು.