ದೋಣಿ ಲೆಕ್ಕದ ಊರು

ಎಷ್ಟು ಜನ ಇದ್ದೀರಿ ಎಂದು ಕೇಳಿದರೆ ಈ ಊರಿನವರು ದೋಣಿಗಳ ಸಂಖ್ಯೆ ಹೇಳುತ್ತಾರೆ.

ನದಿ ಕಡಲು ಸೇರುವ ಅಳಿವೆಯ ಪಕ್ಕ, ಎರಡು ನೀರಿನ ನಡುವೆ ಚಾಚಿಕೊಂಡಿರುವ ಮರಳಿನ ಪಟ್ಟಿಯ ಮೇಲೆ ಊರಿದೆ. ಮೊದಲು ಬಂದವರು ಮೂರು ದೋಣಿಯವರು. ಆ ಕಾಲದಲ್ಲಿ ತೆರಿಗೆ ಹಾಕಲು ಬಂದ ಅಧಿಕಾರಿಗಳು ಮನೆಮನೆ ಸುತ್ತುವ ಗೋಜಿಗೆ ಹೋಗದೆ, ದಡದಲ್ಲಿ ಕವುಚಿ ಹಾಕಿದ್ದ ದೋಣಿಗಳನ್ನು ಎಣಿಸಿಕೊಂಡು ಹೋದರು. ಅಧಿಕಾರಿಗಳು ಬದಲಾದರು, ತೆರಿಗೆ ಬದಲಾಯಿತು, ಲೆಕ್ಕದ ರೀತಿ ಬದಲಾಗಲಿಲ್ಲ. ಊರು ಒಮ್ಮೆ ನೂರು ದೋಣಿ ಮುಟ್ಟಿತ್ತು. ಕಡಲ್ಕೊರೆತ ಶುರುವಾದ ಮೇಲೆ ಅರ್ಧಕ್ಕಿಂತ ಹೆಚ್ಚು ಜನ ಬಿಟ್ಟು ಹೋದರು. ಈಗ ನಲವತ್ತು.

ಆ ನಲವತ್ತರಲ್ಲಿ ತಾನಿಲ್ಲ ಎಂದು ಉಪ್ಪಕ್ಕನಿಗೆ ಗೊತ್ತಾದಾಗ ಅವಳು ಚಪ್ಪರದಡಿ ಕೂತು ಮೀನು ಸೀಳುತ್ತಿದ್ದಳು. ಮೀನಿಗೆ ಉಪ್ಪು ಹಾಕಿ ಒಣಗಿಸುವುದು ಅವಳ ಕೆಲಸ. ಹೆಸರು ಬಂದದ್ದೂ ಅದರಿಂದಲೇ. ಸುದ್ದಿ ತಂದವಳು ಓರಗಿತ್ತಿ. ಅವಳ ಗಂಡ, ಅಂದರೆ ಉಪ್ಪಕ್ಕನ ಮೈದುನ, ಊರ ಸಮಿತಿಯ ಅಧ್ಯಕ್ಷ.

"ಅಕ್ಕ, ದಿಬ್ಬದ ಮೇಲಿನ ಮನೆಗಳು ಯಾರ್‍ಯಾರಿಗೆ ಅಂತ ತೀರ್ಮಾನ ಆಯ್ತಂತೆ. ನಿಮ್ಮದು ಇಲ್ಲ."

"ಯಾಕಿಲ್ಲ?"

"ದೋಣಿಗೊಂದು ಮನೆ ಅಂತ. ನಿಮಗೆ ದೋಣಿ ಇಲ್ವಲ್ಲ."

ಉಪ್ಪಕ್ಕ ಕತ್ತಿ ಕೆಳಗಿಟ್ಟಳು. ಕಂಬಕ್ಕೆ ಒರಗಿ ಕೂತಿದ್ದ ಅತ್ತೆ ಬಾಯಿ ಹಾಕಿದಳು. "ಮತ್ತೆ ನಾನು? ನನ್ನನ್ನೂ ಕಡಲಿಗೆ ಬಿಟ್ನಾ ನನ್ನ ಮಗ?"

"ನೀವು ನಮ್ಮ ಮನೆ ಲೆಕ್ಕದಲ್ಲಿದ್ದೀರಿ ಅತ್ತೆ."

"ಹೌದಾ? ಇಷ್ಟು ವರ್ಷ ಇವಳ ಮನೇಲಿ ಉಂಡಿದ್ದೀನಿ, ನನಗೆ ಗೊತ್ತೇ ಇರಲಿಲ್ಲ ನೋಡು. ಇವತ್ತಿಂದ ಊಟಾನೂ ನಿಮ್ಮನೆಯಿಂದ ಕಳಿಸು. ಉಪ್ಪು ಕಮ್ಮಿ ಇರಲಿ."

ಓರಗಿತ್ತಿ ನಗಲಿಲ್ಲ. ಉಪ್ಪಕ್ಕನೂ ನಗಲಿಲ್ಲ. ದಿಬ್ಬದ ಮೇಲೆ ಸರ್ಕಾರ ಕಟ್ಟಿಸುವ ಮನೆಗಳಿಗೆ ಊರು ಹೋದ ಮೇಲೆ ಮರಳ ಪಟ್ಟಿಗೆ ವಿದ್ಯುತ್ ಇರುವುದಿಲ್ಲ, ನೀರಿನ ಕೊಳವೆ ಇರುವುದಿಲ್ಲ. ಉಳಿದವರು ಕಡಲಿನ ಪಾಲು.

ಉಪ್ಪಕ್ಕನ ಗಂಡನಿಗೆ ದೋಣಿ ಇತ್ತು. ಹೊಸದು, ಗಟ್ಟಿ ಮರದ್ದು. ಅವನು ಜ್ವರದಿಂದ ಸತ್ತ ವರ್ಷವೇ ಅಳಿವೆ ಬಾಯಿ ಒಡೆದು ನೀರು ಮೊದಲ ಸಾಲಿನ ಮನೆಗಳ ಬುಡಕ್ಕೆ ಬಂತು. ಹಾಗಾದಾಗ ಹಳೆಯ ದೋಣಿಯೊಂದಕ್ಕೆ ಕಲ್ಲು ತುಂಬಿ ಬಾಯಿಗೆ ಅಡ್ಡಲಾಗಿ ಮುಳುಗಿಸುವುದು ಊರಿನ ರೂಢಿ. ಆ ಸಲ ಯಾರೂ ತಮ್ಮ ಹಳೆಯ ದೋಣಿ ಕೊಡಲಿಲ್ಲ. ಸಮಿತಿಯವರು ಉಪ್ಪಕ್ಕನ ಬಾಗಿಲಿಗೆ ಬಂದರು. ನಡೆಸುವ ಗಂಡಸಿಲ್ಲ, ಊರಿಗಾದರೂ ಆಗಲಿ ಎಂದರು. ಸಾವಾಗಿ ಇನ್ನೂ ತಿಂಗಳಾಗಿರಲಿಲ್ಲ. ಅವಳು ಹೂಂ ಎಂದಳು. ಅಂದು ಉಳಿದ ಮೊದಲ ಸಾಲಿನಲ್ಲೇ ಅಧ್ಯಕ್ಷನ ಮನೆಯೂ ಇದೆ.

ಕೈ ತೊಳೆಯದೆ ಅವಳು ನೇರ ಬಲೆ ಕೊಟ್ಟಿಗೆಗೆ ನಡೆದಳು. ಸಮಿತಿ ಸೇರುವುದು ಅಲ್ಲೇ. ದಿಬ್ಬದ ಜಾಗ ಅಳೆಯಲು ಸರ್ಕಾರ ಕಳಿಸಿದ್ದ ಸರ್ವೆಯವನು ನಕ್ಷೆ ಹರಡಿಕೊಂಡು ಕೂತಿದ್ದ. ಅಧ್ಯಕ್ಷ ಅವನ ಪಕ್ಕದಲ್ಲಿದ್ದ. ಊರ ಗಂಡಸರು ಗೋಡೆಗುಂಟ ನಿಂತಿದ್ದರು.

"ದೋಣಿಗೊಂದು ಮನೆ ಅಂತ ಸರ್ಕಾರ ಹೇಳ್ತಾ?" ಎಂದು ಅವಳು ಸರ್ವೆಯವನನ್ನೇ ಕೇಳಿದಳು.

ಅವನು ತಲೆ ಎತ್ತಿದ. "ಇಲ್ಲಮ್ಮ. ಸಂಸಾರ ಎಷ್ಟು ಅಂತ ನಾವು ಕೇಳಿದ್ವಿ. ಇವರು ನಲವತ್ತು ಅಂದ್ರು. ನಲವತ್ತು ಮನೆಗೆ ಜಾಗ ಅಳೀತಿದ್ದೀವಿ. ನಾಳೆ ಮುಗಿಸಿ ಹೊರಡ್ತೀನಿ."

ಕೊಟ್ಟಿಗೆಯಲ್ಲಿ ಯಾರೋ ಕೆಮ್ಮಿದರು.

"ನಮ್ಮಲ್ಲಿ ಹಿಂದಿನಿಂದ ಇದೇ ಲೆಕ್ಕ ಅತ್ತಿಗೆ," ಎಂದ ಅಧ್ಯಕ್ಷ. "ಒಬ್ಬರಿಗೆ ಬಿಟ್ರೆ ದೋಣಿ ಇಲ್ಲದ ಹಿಂದಿನ ಸಾಲಿನ ಎಲ್ಲಾರೂ ಬರ್ತಾರೆ. ಬಲೆ ಅಜ್ಜ ಬರ್ತಾನೆ, ಐಸು ಹೊರೋರು ಬರ್ತಾರೆ. ದಿಬ್ಬದ ಮೇಲೆ ಇರೋ ಜಾಗ ಚೂರು ಚೂರಾಗಿ ಹೋಗುತ್ತೆ. ನಿಮ್ಮನ್ನೇನು ಬೀದಿಗೆ ಹಾಕ್ತೀನಾ? ನಮ್ಮನೇಲೇ ಒಂದು ಕೋಣೆ ಕೊಡ್ತೀನಿ."

"ನಿನ್ನ ಕೋಣೆ ಯಾರಿಗೆ ಬೇಕು? ನನ್ನ ದೋಣಿ ಎಲ್ಲಿದೆ ಅಂತ ನಿನಗೆ ಗೊತ್ತಿಲ್ವಾ?"

"ಮುಳುಗಿದ ದೋಣಿ ದೋಣಿಯಾ ಅತ್ತಿಗೆ? ದಡಕ್ಕೆ ತಂದು ತೋರಿಸಿ, ಈಗಲೇ ಬರೆಸ್ತೀನಿ."

ಗೋಡೆಗುಂಟ ನಿಂತವರು ನಕ್ಕರು. ಅವರಲ್ಲಿ ಅವಳ ಕೈಯ ಒಣಮೀನು ಮಾರಿ ಸಂಸಾರ ನಡೆಸಿದವರೂ ಇದ್ದರು. ಉಪ್ಪಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿದಳು. ನಗು ನಿಂತ ಮೇಲೆ ಹೊರಟಳು.

ಮರುದಿನ ಬೆಳಿಗ್ಗೆ ಇಳಿತದ ಹೊತ್ತಿಗೆ ಅವಳು ಹಾರೆ ಹಿಡಿದು ಅಳಿವೆಗೆ ಇಳಿದಳು. ನೀರು ಸೊಂಟದ ಮಟ್ಟಕ್ಕಿತ್ತು. ದೋಣಿಯ ಅಂಚು ಪಾಚಿ ಕಟ್ಟಿಕೊಂಡು ಮೇಲೆ ಕಾಣುತ್ತಿತ್ತು. ಹಾರೆ ಹಾಕಿ ಮೀಟಿದಳು. ಮೊದಲ ಕಲ್ಲು ಸಡಿಲವಾಯಿತು. ಎರಡೂ ಕೈಯಲ್ಲಿ ಎತ್ತಿ ಆಚೆ ಬದಿಗೆ ಎಸೆದಳು. ಎರಡನೆಯದಕ್ಕೆ ಬಗ್ಗಿದಳು.

ದಡದಲ್ಲಿ ಜನ ಸೇರಲು ಹೊತ್ತು ಹಿಡಿಯಲಿಲ್ಲ. ಅತ್ತೆ ಆಗಲೇ ಬಂದು ಮಣೆ ಹಾಕಿಕೊಂಡು ಕೂತಿದ್ದಳು. ಅಧ್ಯಕ್ಷ ಓಡಿ ಬಂದ.

"ಅತ್ತಿಗೆ! ತಲೆ ಕೆಟ್ಟಿದೆಯಾ ನಿಮಗೆ? ಏನು ಮಾಡ್ತಿದ್ದೀರಿ?"

"ತಂದು ತೋರಿಸು ಅಂದ್ಯಲ್ಲ. ತರ್ತಿದ್ದೀನಿ."

"ಅದು ತೆಗೆದ್ರೆ ಬಾಯಿ ಒಡೆಯುತ್ತೆ. ನನ್ನ ಮನೆ ಹೋಗುತ್ತೆ!"

"ನಿನಗೇನಪ್ಪ, ದಿಬ್ಬದ ಮೇಲೆ ಇದೆಯಲ್ಲ."

"ಅದು ಕಟ್ಟೋಕೆ ಇನ್ನೂ ವರ್ಷ ಬೇಕು!"

"ಅಲ್ಲೀವರೆಗೂ ನಿನ್ನ ಮನೆ ನಿಲ್ಲೋದು ಯಾರ ದೋಣಿ ಮೇಲೆ?"

ಅವನು ಹಿಂದೆ ತಿರುಗಿ ಗಂಡಸರನ್ನು ನೋಡಿದ. ಇಬ್ಬರು ನೀರಿಗೆ ಕಾಲಿಟ್ಟರು.

"ಮುಟ್ಟಿ ನೋಡ್ರೋ ನನ್ನ ಸೊಸೇನ," ಎಂದಳು ಅತ್ತೆ, ಕೂತಲ್ಲಿಂದಲೇ. "ನಿಮ್ಮ ಅಪ್ಪಂದಿರ ಬಾಯಿ ಮುಚ್ಚಿಸಿದವಳು ನಾನು. ನೀವು ಯಾವ ಲೆಕ್ಕ?" ಇಬ್ಬರೂ ಹಿಂದೆ ಸರಿದರು.

ಉಪ್ಪಕ್ಕ ಇನ್ನೊಂದು ಕಲ್ಲು ಎಸೆದಳು. ಕಲ್ಲಿಗಂಟಿದ್ದ ಚಿಪ್ಪು ತಗುಲಿ ಅವಳ ಅಂಗೈ ಕೊಯ್ದು ರಕ್ತ ಬರುತ್ತಿತ್ತು. ದೋಣಿಯ ಒಂದು ತುದಿ ಅಲುಗಿತು. ಮೊದಲ ಸಾಲಿನ ಹೆಂಗಸರು ಗಂಡಂದಿರ ಮೇಲೆ ಕೂಗಾಡತೊಡಗಿದರು.

"ಆಯ್ತು, ಆಯ್ತು!" ಎಂದ ಅಧ್ಯಕ್ಷ. "ನಿಮ್ಮ ದೋಣಿ ಲೆಕ್ಕಕ್ಕೆ ಬಂತು. ನಲವತ್ತೊಂದು. ಸರ್ವೆಯವರಿಗೆ ಈಗಲೇ ಹೇಳ್ತೀನಿ. ಮೇಲೆ ಬನ್ನಿ."

ಅವಳು ಸೊಂಟ ನೆಟ್ಟಗೆ ಮಾಡಿಕೊಂಡಳು. "ಬಲೆ ಅಜ್ಜನಿಗೆ?"

"ಅವರ ವಿಚಾರ ಬೇರೆ."

ಅವಳು ಮತ್ತೆ ಬಗ್ಗಿದಳು.

ಗುಂಪಿನ ಹಿಂದೆ ನಿಂತಿದ್ದ ಬಲೆ ಅಜ್ಜನೇ ಮುಂದೆ ಬಂದ. ಊರಿನ ಬಲೆಗಳನ್ನೆಲ್ಲ ಹೊಲಿದುಕೊಟ್ಟವನು, ಸ್ವಂತಕ್ಕೆ ದೋಣಿಯಿರಲಿ, ಅದರ ಒಂದು ಹುಟ್ಟೂ ಇಲ್ಲದವನು. "ಸಾಕು ಬಾರಮ್ಮ. ನಿನಗೆ ಸಿಕ್ತಲ್ಲ. ನಾವು ಹೇಗೋ ಮಾಡ್ಕೋತೀವಿ."

"ಸುಮ್ಮನಿರಜ್ಜ!" ಅವಳ ದನಿ ಮೊದಲ ಬಾರಿಗೆ ಏರಿತು. "ಹೇಗೋ ಮಾಡ್ಕೋತೀನಿ ಅಂತ ನಾನೂ ಅವತ್ತು ಅಂದ್ಕೊಂಡಿದ್ದೆ. ಅವರು ಕೇಳಿದ್ರು, ನಾನು ಕೊಟ್ಟೆ. ಈಗ ನೋಡು, ನನಗೆ ದೋಣೀನೇ ಇಲ್ವಂತೆ. ನಿನ್ನನ್ನೂ ಹೀಗೇ ಇಲ್ಲ ಅಂತಾರೆ. ಬಾಯಿ ಮುಚ್ಕೊಂಡು ಹೂಂ ಅಂತೀಯಾ?"

ಅಜ್ಜ ಪಂಚೆ ಮೇಲೆ ಕಟ್ಟಿಕೊಂಡು ನೀರಿಗಿಳಿದ. ಅವಳ ಪಕ್ಕ ನಿಂತು, ಕಲ್ಲಿನ ಇನ್ನೊಂದು ತುದಿಗೆ ಕೈ ಹಾಕಿದ.

ಅಧ್ಯಕ್ಷ ಯಾರ ಮುಖವನ್ನೂ ನೋಡದೆ ಸರ್ವೆಯವನಿದ್ದ ಬಲೆ ಕೊಟ್ಟಿಗೆಯ ಕಡೆ ಹೋದ.

ಉಬ್ಬರ ಏರಿದ ಮೇಲೆ ಇಬ್ಬರೂ ದಡಕ್ಕೆ ಬಂದರು. ಸಂಜೆಯ ಇಳಿತಕ್ಕೆ ಮತ್ತೆ ಬರುವುದಾಗಿ ಉಪ್ಪಕ್ಕ ಎಲ್ಲರಿಗೂ ಕೇಳಿಸುವಂತೆ ಹೇಳಿದಳು.

ಮಧ್ಯಾಹ್ನ ಅಧ್ಯಕ್ಷ ಸರ್ವೆಯವನನ್ನು ಕರೆದುಕೊಂಡು ಹಿಂದಿನ ಸಾಲಿಗೆ ಬಂದ. ಆ ಓಣಿಯ ಕೆಲವು ಮನೆಗಳ ಬಾಗಿಲು ಯಾವ ಕಡೆಗಿದೆ ಎಂಬುದೂ ಅವನಿಗೆ ತಿಳಿದಿರಲಿಲ್ಲ. ಐಸು ಹೊರುವವರ ಮನೆಯಲ್ಲಿ ಸತ್ತುಹೋದವನ ಹೆಸರು ಹಿಡಿದು ಕರೆದ. ಒಳಗಿನಿಂದ ಹೆಂಗಸೊಬ್ಬಳು ಬಂದು ಅವನನ್ನು ದುರುಗುಟ್ಟಿ ನೋಡಿದಳು. ಅಲ್ಲಿಂದ ಅವನು ಉಪ್ಪಕ್ಕನ ಬಾಗಿಲಿಗೆ ಬಂದ. ಅವಳು ಅಂಗೈಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು.

"ಈ ಮನೇಲಿ ಎಷ್ಟು ಜನ?" ಎಂದು ಕೇಳಿದ.

"ಕಣ್ಣು ಕಾಣಲ್ವೇನೋ?" ಎಂದಳು ಅವನ ತಾಯಿ, ಒಳಗಿನಿಂದ.

"ಅಮ್ಮ, ನಿನ್ನನ್ನ ನಮ್ಮ ಮನೇಲಿ..."

"ಇಬ್ಬರು," ಎಂದಳು ಉಪ್ಪಕ್ಕ, ಸರ್ವೆಯವನಿಗೆ. ಅವನು ಬರೆದುಕೊಂಡ.

ಅಧ್ಯಕ್ಷ ಹೊಸ್ತಿಲಲ್ಲೇ ನಿಂತ. "ಇನ್ನು ಆ ಕಲ್ಲು ಮುಟ್ಟಲ್ಲ ತಾನೇ ಅತ್ತಿಗೆ?"

"ಈ ಸಾಲಲ್ಲಿ ಇನ್ನೂ ಮೂರು ಬಾಗಿಲಿವೆ. ಮೊದಲು ಅವನ್ನ ತಟ್ಟು. ಆಮೇಲೆ ಕೇಳು," ಎಂದು ಅವಳು ಬಾಗಿಲು ಹಾಕಿಕೊಂಡಳು.